ಲಾಭ ಸರಿ, ಯಾರಿಗೆ?

ಆಮದು ಸುಂಕ ಹೆಚ್ಚಿಸಿದರೆ ದೇಶಕ್ಕೆ ಲಾಭವೋ ನಷ್ಟವೋ? ಹೆಚ್ಚಿನ ಅರ್ಥಶಾಸ್ತ್ರಜ್ಞರು ಇನ್ನೂರು ವರ್ಷಗಳಿಂದ ಕೊಡುತ್ತಾ ಬಂದಿರುವ ಉತ್ತರ ಒಂದೇ: ನಷ್ಟ. ಆದರೆ ವ್ಯಾಪಾರದ ಲಾಭ-ನಷ್ಟ ದೇಶದ ಒಳಗೆ ಯಾರ ಪಾಲಿಗೆ ಎಷ್ಟು ಬೀಳುತ್ತದೆ ಅಂತ ಊರೂರಿನ ಅಂಕಿ ಅಂಶ ಹಿಡಿದು ಲೆಕ್ಕ ಹಾಕತೊಡಗಿದ್ದು ತೀರಾ ಈಚೆಗೆ.

1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಕೊಟ್ಟ ಉದಾಹರಣೆ ಈಗಲೂ ತರಗತಿಗಳಲ್ಲಿ ಓಡುತ್ತಿದೆ. ಒಂದಿಷ್ಟು ಬಟ್ಟೆ ತಯಾರಿಸಲು ಇಂಗ್ಲೆಂಡಿಗೆ ವರ್ಷಕ್ಕೆ 100 ಆಳು ಬೇಕು, ಪೋರ್ಚುಗಲ್‌ಗೆ 90 ಸಾಕು. ವೈನ್‌ಗಾದರೆ ಇಂಗ್ಲೆಂಡಿಗೆ 120, ಪೋರ್ಚುಗಲ್‌ಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಮತ್ತೆ ಅದು ಇಂಗ್ಲೆಂಡಿನಿಂದ ಬಟ್ಟೆ ಯಾಕೆ ಕೊಳ್ಳಬೇಕು? 80 ಆಳಿನ ವೈನ್ ಕೊಟ್ಟರೆ, ತಾನೇ ಮಾಡಿದ್ದರೆ 90 ಆಳು ಬೇಕಾಗುತ್ತಿದ್ದ ಬಟ್ಟೆ ಸಿಗುತ್ತದಲ್ಲ. ಇಂಗ್ಲೆಂಡಿಗೂ 20 ಆಳಿನ ದುಡಿಮೆ ಉಳಿಯುತ್ತದೆ. ಆಗ ಇಂಗ್ಲೆಂಡಿನಲ್ಲಿ ಹೊರಗಿನ ಧಾನ್ಯವನ್ನು ತಡೆಯುವ 1815ರ ಕಾನೂನು ಇತ್ತು. ಜಮೀನ್ದಾರರಿಗೆ ಸುಗ್ಗಿ, ಬ್ರೆಡ್ ಕೊಳ್ಳುವವರಿಗೆ ಕಷ್ಟ. ಅದು ರದ್ದಾಗಿದ್ದು 1846ರಲ್ಲಿ. ಅಷ್ಟರಲ್ಲಿ ರಿಕಾರ್ಡೊ ತೀರಿಕೊಂಡು 23 ವರ್ಷವಾಗಿತ್ತು.

ನನಗೆ ಜಾಸ್ತಿ ಇಷ್ಟವಾಗುವುದು 1821ರ ರಿಕಾರ್ಡೊ. ಆ ವರ್ಷ ತನ್ನ ಪುಸ್ತಕದ ಮೂರನೇ ಆವೃತ್ತಿಗೆ ಯಂತ್ರಗಳ ಬಗ್ಗೆ ಹೊಸ ಅಧ್ಯಾಯ ಸೇರಿಸಿದ. ಯಂತ್ರದಿಂದ ಎಲ್ಲರಿಗೂ ಒಳ್ಳೆಯದೇ ಅಂತ ತಾನು ನಂಬಿದ್ದು ಸರಿಯಲ್ಲ, ಕೂಲಿಯವರಿಗೆ ಅದರಿಂದ ಏಟು ಬೀಳಬಹುದು ಎಂದು ಒಪ್ಪಿಕೊಂಡ. ಹತ್ತು ವರ್ಷ ಹಿಂದಷ್ಟೇ ಜವಳಿ ಕೆಲಸಗಾರರು ಯಂತ್ರಗಳನ್ನು ಒಡೆದು ಹಾಕಿದ್ದರು. ಅದಕ್ಕೆ ಮರಣದಂಡನೆ ಕೊಡುವ ಕಾನೂನನ್ನು 1812ರಲ್ಲಿ ಸಂಸತ್ತು ತಂದಿತ್ತು. ಅವರ ಭಯ ಬರೀ ತಪ್ಪು ತಿಳಿವಳಿಕೆಯಲ್ಲ ಅಂತ ಒಬ್ಬ ಸಿರಿವಂತ ಸಂಸದ ಬರೆಯುವುದು ಸಣ್ಣ ಮಾತೇನಲ್ಲ.

ಮುಂದಿನವರು ಹೆಚ್ಚಾಗಿ ಹಿಡಿದುಕೊಂಡಿದ್ದು ವೈನ್-ಬಟ್ಟೆಯ ಲೆಕ್ಕವನ್ನೇ. 1930ರಲ್ಲಿ ಅಮೆರಿಕ ಸುಂಕ ಏರಿಸಲು ಹೊರಟಾಗ ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡ ಎಂದು ಮನವಿ ಕೊಟ್ಟರು. ಅಧ್ಯಕ್ಷ ಹೂವರ್ ಸಹಿ ಹಾಕಿಯೇಬಿಟ್ಟರು. 1941ರಲ್ಲಿ ಸ್ಟೋಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಇರುಸುಮುರುಸಿನ ವಿಷಯ ತೋರಿಸಿದರು. ಕೆಲಸಗಾರರು ಕಡಿಮೆಯಿರುವ ದೇಶದಲ್ಲಿ ಮುಕ್ತ ವ್ಯಾಪಾರ ಕೂಲಿಯನ್ನು ತಗ್ಗಿಸಬಹುದು. ಅದಕ್ಕೂ ಒಂದು ಸಮಾಧಾನ ಸಿದ್ಧವಿತ್ತು: ಗೆದ್ದವರ ಲಾಭವೇ ದೊಡ್ಡದು, ಅದರಲ್ಲಿ ಸೋತವರಿಗೆ ಪರಿಹಾರ ಕೊಡಬಹುದು. ಕೊಡುತ್ತಾರಾ? ಅದು ರಾಜಕಾರಣಿಗಳಿಗೆ ಬಿಟ್ಟ ವಿಷಯ ಅಂದುಕೊಂಡು ಅರ್ಥಶಾಸ್ತ್ರಜ್ಞರು ಸುಮ್ಮನಾದರು. ಅಮೆರಿಕ 1962ರಲ್ಲಿ ಆಮದಿನಿಂದ ಕೆಲಸ ಕಳೆದುಕೊಂಡವರಿಗಾಗಿ ಒಂದು ಯೋಜನೆ ತಂದಿತು. 2022ರಿಂದ ಅದಕ್ಕೆ ಹೊಸಬರನ್ನು ಸೇರಿಸಿಕೊಳ್ಳುತ್ತಿಲ್ಲ.

ತಂತ್ರಜ್ಞಾನದ ಬಗೆಗಿನ ಸಂಶೋಧನೆ ಬೇರೆ ದಾರಿ ಹಿಡಿದಿತ್ತು. 1909ರಿಂದ 1949ರವರೆಗೆ ಅಮೆರಿಕದಲ್ಲಿ ಗಂಟೆಯೊಂದರ ದುಡಿಮೆಯ ಉತ್ಪಾದನೆ ಎರಡರಷ್ಟಾಗಿತ್ತು. ಈ ಏರಿಕೆಯ ಎಂಟರಲ್ಲಿ ಏಳು ಪಾಲು ಬಂದಿದ್ದು ತಾಂತ್ರಿಕ ಬದಲಾವಣೆಯಿಂದ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1957ರಲ್ಲಿ ಲೆಕ್ಕ ಹಾಕಿದರು. ಆ ತಂತ್ರಜ್ಞಾನ ಎಲ್ಲಿಂದ ಬಂತು ಅನ್ನುವುದಕ್ಕೆ ಅವರ ಮಾದರಿಯಲ್ಲಿ ಉತ್ತರವಿರಲಿಲ್ಲ. ಪಾಲ್ ರೋಮರ್ 1990ರಲ್ಲಿ ಸಂಶೋಧನೆಗೆ ಸುರಿದ ಹಣವನ್ನೂ ಲೆಕ್ಕದೊಳಗೆ ತಂದರು. ಅದರಿಂದ ಯಾರ ಕೆಲಸ ಹೋಯಿತು ಅನ್ನುವ ಪ್ರಶ್ನೆ ಆಗಲೂ ಹಿಂದೆಯೇ ಉಳಿಯಿತು.

ಗಾಳಿ ತಿರುಗಿದ್ದು 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಮೇಲೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಅಮೆರಿಕವನ್ನು 722 ಪ್ರದೇಶಗಳಾಗಿ ಹಂಚಿಕೊಂಡು ನೋಡಿದರು. ಇಲ್ಲೊಂದು ತೊಡಕಿತ್ತು. ಕಾರ್ಖಾನೆ ಮುಚ್ಚಿದ್ದು ಚೀನಾದ ಸರಕಿನಿಂದಲೋ, ಬೇರೆ ಕಾರಣದಿಂದಲೋ? ಅದನ್ನು ಬಿಡಿಸಲು ಬೇರೆ ಎಂಟು ಶ್ರೀಮಂತ ದೇಶಗಳಿಗೆ ಯಾವ ಚೀನೀ ಸರಕು ಹೆಚ್ಚಾಗಿ ಹೋಯಿತು ಅಂತ ಲೆಕ್ಕಕ್ಕೆ ತಗೊಂಡರು. ಎಲ್ಲ ಕಡೆಗೂ ಅದೇ ಸರಕು ನುಗ್ಗಿದ್ದರೆ ಕಾರಣ ಚೀನಾದೊಳಗೇ ಇರಬೇಕು, ಅಲ್ವಾ? 1990ರಿಂದ 2007ರವರೆಗೆ ಅಮೆರಿಕದ ಕಾರ್ಖಾನೆಗಳಲ್ಲಿ ಹೋದ ಕೆಲಸಗಳಲ್ಲಿ ಸುಮಾರು ಕಾಲು ಭಾಗಕ್ಕೆ ಈ ಆಮದು ಕಾರಣ ಎಂದು 2013ರಲ್ಲಿ ಪ್ರಕಟಿಸಿದರು. ಕೆಲಸ ಹೋದವರು ಬೇರೆ ಊರಿಗೆ ಹೋಗಿ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ ಅನ್ನುವುದು ಪಠ್ಯಪುಸ್ತಕದ ಮಾತು. ಅಷ್ಟಾಗಿ ಯಾರೂ ಹೋಗಲಿಲ್ಲ. ಆ ಊರುಗಳಲ್ಲಿ ನಿರುದ್ಯೋಗವೂ ಅಂಗವೈಕಲ್ಯ ಭತ್ಯೆ ಪಡೆಯುವವರೂ ಹೆಚ್ಚಾದರು. 1991ರ ನಂತರದ ಭಾರತದ ಬಗ್ಗೆ ಪೆಟಿಯಾ ಟೋಪಲೋವಾ ಮಾಡಿದ ಅಧ್ಯಯನವೂ ಇದೇ ಜಾಡಿನದು. ಸುಂಕ ಕಡಿತದ ಬಿಸಿ ಹೆಚ್ಚು ತಟ್ಟಿದ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಇಳಿದದ್ದು ನಿಧಾನವಾಗಿ.

ಹಾಗಾದರೆ ಸುಂಕವೇ ಮದ್ದಾ? ವಾಷಿಂಗ್ ಮಷೀನ್ ಕಥೆ ನೋಡಿ. 2018ರಲ್ಲಿ ಅಮೆರಿಕ ಆಮದು ವಾಷಿಂಗ್ ಮಷೀನ್‌ಗಳ ಮೇಲೆ ಸುಂಕ ಹಾಕಿತು. ಬೆಲೆ ಶೇ. 12ರಷ್ಟು ಏರಿತು. ಜೊತೆಗೆ ಬಟ್ಟೆ ಒಣಗಿಸುವ ಡ್ರೈಯರ್ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತು. ಡ್ರೈಯರ್ ಮೇಲೆ ಸುಂಕವೇ ಇರಲಿಲ್ಲ! ಅಲ್ಲಿನ ಗಿರಾಕಿಗಳು ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ, ಎರಡರ ಬೆಲೆಯೂ ಸಾಮಾನ್ಯವಾಗಿ ಒಂದೇ ಇರುತ್ತದೆ. ಹಾಗಾಗಿ ಕಂಪನಿಗಳು ಏರಿಕೆಯನ್ನು ಎರಡಕ್ಕೂ ಹಂಚಿದವು. ಸುಮಾರು 1,800 ಹೊಸ ಕೆಲಸ ಬಂದವು ನಿಜ. ಆದರೆ ಒಂದೊಂದು ಕೆಲಸಕ್ಕೂ ಗ್ರಾಹಕರು ವರ್ಷಕ್ಕೆ 8 ಲಕ್ಷ ಡಾಲರ್‌ಗಿಂತ ಜಾಸ್ತಿ ತೆತ್ತರು ಅಂತ ಸಂಶೋಧಕರು ಲೆಕ್ಕ ಕೊಟ್ಟಿದ್ದಾರೆ. ಹೋದ ಕೆಲಸ ನಿಜ, ಅದನ್ನು ಸುಂಕದಿಂದ ವಾಪಸ್ ತರುವುದು ಬಲು ದುಬಾರಿ ಅನ್ನುವುದೂ ಅಷ್ಟೇ ನಿಜ.

ಈಗ ಹವಾಮಾನವೂ ಈ ಲೆಕ್ಕಕ್ಕೆ ಬಂದು ಸೇರಿದೆ. ಉಕ್ಕು, ಸಿಮೆಂಟ್‌ನಂಥ ಆಮದಿಗೆ ಅದರ ತಯಾರಿಕೆಯಲ್ಲಿ ಹೊಮ್ಮಿದ ಇಂಗಾಲಕ್ಕೆ ತಕ್ಕಂತೆ ಶುಲ್ಕ ಹಾಕುವ ವ್ಯವಸ್ಥೆಯನ್ನು ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಮೊದಲ ಹಂತದಲ್ಲಿ ವರದಿ ಕೊಟ್ಟರೆ ಸಾಕಿತ್ತು. ಇದರ ಹೊರೆ ಬಡ ದೇಶಗಳ ರಫ್ತುದಾರರ ಮೇಲೆ ಎಷ್ಟು ಬೀಳುತ್ತದೆ ಅನ್ನುವುದರ ಮೇಲೆ ಸಂಶೋಧನೆ ನಡೆಯುತ್ತಿದೆ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಮಾತ್ರ ಸಂಶೋಧಕರು ಚೀನಾ ವಿಷಯದಲ್ಲಿ ಆದಂತೆ ವರ್ಷಗಟ್ಟಲೆ ಕಾಯಲಿಲ್ಲ. ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಜೊತೆಗಾರರು ಒಂದು ಕಂಪನಿಯ ಗ್ರಾಹಕ ಸೇವೆಯ ಐದು ಸಾವಿರಕ್ಕೂ ಹೆಚ್ಚು ಜನರ ಕೆಲಸವನ್ನು ಅಳೆದು 2023ರಲ್ಲಿ ವರದಿ ಕೊಟ್ಟರು. ಎಐ ಸಹಾಯ ಸಿಕ್ಕ ಮೇಲೆ ಗಂಟೆಗೆ ಬಗೆಹರಿಸಿದ ದೂರುಗಳು ಸರಾಸರಿ ಶೇ. 14ರಷ್ಟು ಹೆಚ್ಚಾಗಿದ್ದವು. ಹೊಸಬರಲ್ಲಿ ಈ ಏರಿಕೆ ಶೇ. 30ಕ್ಕೂ ಮೇಲೆ. ನುರಿತವರಲ್ಲಿ ಹೆಚ್ಚೇನೂ ಇಲ್ಲ. ಆದರೆ ಅಳೆದದ್ದು ಕೆಲಸದಲ್ಲಿ ಇರುವವರನ್ನು. ಮುಂದೆ ಅಂಥ ಕಂಪನಿಗಳು ಎಷ್ಟು ಜನರನ್ನು ತೆಗೆದುಕೊಳ್ಳುತ್ತವೆ ಅನ್ನುವುದು ಆ ಲೆಕ್ಕದಲ್ಲಿಲ್ಲ.