ಓದುಗರ ಪ್ರಶ್ನೆ: ವಲಸೆ ಕಾರ್ಮಿಕರಿಗೆ ಭಾಷೆ ಬಂದ ಮೇಲೆ ಸೇವಾ ಕೆಲಸಕ್ಕೆ ಕರೆಯೋಣವೇ?

ಪ್ರಶ್ನೆ: ನಮ್ಮದು ಸಣ್ಣ ಸ್ವಯಂಸೇವಕರ ಬಳಗ. ವಾರಕ್ಕೊಮ್ಮೆ ಸೇರಿ ಗಿಡ ನೆಡುವುದು, ಪಾರ್ಕ್ ಸ್ವಚ್ಛ ಮಾಡುವುದು, ಶಾಲೆಗೆ ಬಣ್ಣ ಬಳಿಯುವುದು, ಹೀಗೆ ಏನಾದರೊಂದು ಮಾಡುತ್ತೇವೆ. ಬೇರೆ ಕಡೆಯಿಂದ ದುಡಿಯಲು ಬಂದವರು ನಮ್ಮ ಸುತ್ತಮುತ್ತ ತುಂಬಾ ಇದ್ದಾರೆ. ಅವರನ್ನೂ ಸೇರಿಸಿಕೊಳ್ಳುವ ಆಸೆ. ಆದರೆ ಅವರಿಗೆ ಇಲ್ಲಿನ ಭಾಷೆ ಬರುವುದಿಲ್ಲ. ಮೊದಲು ಆರು ತಿಂಗಳು ಭಾಷೆ ಕಲಿಸಿ, ಆಮೇಲೆ ಕರೆದರೆ ಒಳ್ಳೆಯದಲ್ವಾ?

ಉತ್ತರ: ಬೇಡ. ಈ ವಾರವೇ ಕರೆಯಿರಿ.

ಈ ಪ್ರಶ್ನೆಗೆ ಉತ್ತರ ಬರೆಯುವುದು ನನಗೆ ಇದು ಮೊದಲನೇ ಸಲವಲ್ಲ, ಹತ್ತನೇ ಸಲವೂ ಅಲ್ಲ. ಒಬ್ಬರು ಆರು ತಿಂಗಳು ಅನ್ನುತ್ತಾರೆ, ಇನ್ನೊಬ್ಬರು ಒಂದು ವರ್ಷ ಅನ್ನುತ್ತಾರೆ. ಒಳಗಿರುವ ನಂಬಿಕೆ ಮಾತ್ರ ಒಂದೇ. ಭಾಷೆ ಬಂದುಬಿಟ್ಟರೆ ಜನ ತಾವಾಗಿಯೇ ಬೆರೆಯುತ್ತಾರಂತೆ. ಕೇಳಲು ಎಷ್ಟು ಸರಿ ಅನ್ನಿಸುತ್ತದೆ ನೋಡಿ! ಒಳ್ಳೆಯ ಮನಸ್ಸಿನವರೇ ಇದನ್ನು ಜಾಸ್ತಿ ನಂಬುತ್ತಾರೆ. ಅದಕ್ಕೇ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಭಾಷಾ ತರಗತಿಯ ಕಥೆ. ನಾವೂ ಮಾಡಿದ್ದೆವು, ರಾತ್ರಿ ಊಟದ ನಂತರ ಒಂದು ಗಂಟೆ. ಮೊದಲ ವಾರ ಬೆಂಚುಗಳು ಸಾಲಲಿಲ್ಲ. ಎರಡನೇ ತಿಂಗಳಿಗೆ ನಾಲ್ಕು ಜನ ಉಳಿದರು. ಆ ನಾಲ್ವರಲ್ಲಿ ಒಬ್ಬ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಹತ್ತು ಗಂಟೆ ಇಟ್ಟಿಗೆ ಹೊತ್ತವನು ಇನ್ನೇನು ಮಾಡಬೇಕು? 'ಅವರಿಗೆ ಕಲಿಯುವ ಆಸಕ್ತಿಯೇ ಇಲ್ಲ' ಎಂದು ನಮ್ಮಲ್ಲೇ ಒಬ್ಬರು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. 'ನಿಮ್ಮ ಹೆಸರೇನು, ನೀವು ಹೇಗಿದ್ದೀರಿ' ಎಂದು ರಾತ್ರಿ ನಾವು ಕಲಿಸುತ್ತಿದ್ದೆವು. ಬೆಳಗಾದರೆ ಅವನನ್ನು ಹಾಗೆ ಕೇಳುವವರು ಒಬ್ಬರೂ ಇರಲಿಲ್ಲ. ಆಡಲು ಜನವೇ ಇಲ್ಲದ ಮಾತನ್ನು ಯಾರಾದರೂ ಎಷ್ಟು ದಿನ ನೆನಪಿಟ್ಟುಕೊಂಡಾರು?

ಇನ್ನು 'ಅವರಿಗೆ ಭಾಷೆ ಬರುವುದಿಲ್ಲ' ಅನ್ನುವುದೂ ಅರ್ಧ ಸತ್ಯ. ಕೆಲಸದ ಜಾಗದಲ್ಲಿ ಎಲ್ಲರೂ ಒಂದಷ್ಟು ಕಲಿತಿರುತ್ತಾರೆ. ಯಾವ ಮಾತು ಗೊತ್ತಾ? ಎತ್ತು. ತಾ. ಬೇಗ. ಏಯ್. ಆ ಕಡೆ ನಿಲ್ಲು. ಬರೀ ಆಜ್ಞೆ, ಅದೂ ಏಕವಚನದಲ್ಲಿ.

ಇದರ ಅರ್ಥ ನನಗೆ ತಿಳಿದದ್ದು ಒಂದು ಗೋಡೆಯ ಮುಂದೆ. ಗ್ರಂಥಾಲಯವೊಂದರ ಹಿಂದಿನ ಗೋಡೆ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು. ಸರಿಮಾಡಲು ನಿಂತವರು ನಾವು ಏಳೆಂಟು ಜನ. ಒಬ್ಬರಿಗೂ ಗಾರೆ ಕೆಲಸ ಗೊತ್ತಿರಲಿಲ್ಲ. ನಾವು ಬಳಿದದ್ದು ಬಳಿದ ಹಾಗೇ ಕೆಳಗೆ ಬೀಳುತ್ತಿತ್ತು. ಆವತ್ತು ಮೊದಲ ಸಲ ಬಂದಿದ್ದ ಒಬ್ಬ ಗಾರೆ ಕೆಲಸದವನು ಸ್ವಲ್ಪ ಹೊತ್ತು ಸುಮ್ನೆ ನೋಡಿದ. ಆಮೇಲೆ ಎದ್ದು ಬಂದು ಒಂದು ಬಕೆಟ್ ನೀರನ್ನು ಗೋಡೆಗೆ ಎರಚಿದ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಕೊಂಡುಬಿಡುತ್ತದೆ. ಮೊದಲು ಗೋಡೆ ನೆನೆಯಬೇಕು. ನಮಗೆ ಅದೂ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟರಮ್ಮನಿಗೆ ಅವನು ಜೋರಾಗಿ ಹೇಳಿದ: 'ಏಯ್, ಆ ಕಡೆ ನಿಲ್ಲು!'

ಎಲ್ಲರೂ ಗಪ್‌ಚಿಪ್. ಮೇಷ್ಟರಮ್ಮನ ಮುಖ ಕೆಂಪಾಯಿತು. ಮರುಕ್ಷಣ ಅವರು ನಿಂತಿದ್ದ ಜಾಗಕ್ಕೇ ಮೇಲಿನಿಂದ ಒಂದು ಹೆಂಟೆ ಬಿತ್ತು. ಅವನು ಅವರನ್ನು ಕಾಪಾಡಲು ಕೂಗಿದ್ದ. ತನಗೆ ಇಲ್ಲಿ ಜನ ಯಾವ ಮಾತು ಆಡಿದ್ದರೋ ಅದನ್ನೇ ಆಡಿದ್ದ. ಬೇರೆ ಮಾತು ಅವನ ಕಿವಿಗೆ ಬಿದ್ದಿದ್ದರೆ ತಾನೇ ಬಾಯಿಗೆ ಬರುವುದು? ಅದು ಮೇಷ್ಟರಮ್ಮನಿಗೆ ಹೊಳೆಯಿತು. ಅವನಿಂದ ಕರಣೆ ಇಸಿದುಕೊಂಡು 'ತೋರಿಸಿ, ನಾನೂ ಕಲಿಯುತ್ತೇನೆ' ಎಂದರು. ಗಾರೆಯನ್ನು ಮಣಿಕಟ್ಟು ತಿರುಗಿಸಿ ಗೋಡೆಗೆ ಹೇಗೆ ಹೊಡೆಯಬೇಕು ಎಂದು ಅವನು ತೋರಿಸಿದ. ಮೂರನೇ ವಾರಕ್ಕೆ ಅವನ ಬಾಯಲ್ಲಿ 'ಅಮ್ಮ, ಆ ಕಡೆ ನಿಲ್ಲಿ' ಬಂದಿತ್ತು. ಅದನ್ನು ಯಾರೂ ಹಲಗೆಯ ಮೇಲೆ ಬರೆದು ಕಲಿಸಿರಲಿಲ್ಲ. ಮೇಷ್ಟರಮ್ಮನೂ ಅವನ ಭಾಷೆಯಲ್ಲಿ ನೀರು, ಮರಳು, ಸಾಕು ಎನ್ನುವ ಮಾತು ಕಲಿತಿದ್ದರು. ಮೂವತ್ತು ವರ್ಷ ಪಾಠ ಹೇಳಿದವರು ಅವನ ಹತ್ತಿರ ಪಾಠ ಹೇಳಿಸಿಕೊಂಡರಲ್ಲ, ಅದನ್ನು ನೋಡಿದ ಖುಷಿ ನನಗೆ ಇನ್ನೂ ಇದೆ.

ಇದು ನನ್ನೊಬ್ಬನ ಅನುಭವ, ಬಿಡಿ. ದೊಡ್ಡವರು ನೋಡಿದ್ದನ್ನೂ ಹೇಳುತ್ತೇನೆ.

ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞರು ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. 1954ರ ಬೇಸಿಗೆಯಲ್ಲಿ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬ ಕಡೆ ಪ್ರಯೋಗಕ್ಕೆಂದು 22 ಹುಡುಗರ ಶಿಬಿರ ನಡೆಸಿದರು. ಎಲ್ಲರದೂ ಒಂದೇ ವಯಸ್ಸು, ಒಂದೇ ಭಾಷೆ, ಒಂದೇ ಥರದ ಮನೆತನ. ಎರಡು ಗುಂಪು ಮಾಡಿ ಪಂದ್ಯ ಆಡಿಸಿದ್ದೇ ತಡ, ಜಗಳ ಶುರು. ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು! ಹಾಗಾದರೆ ಅವರನ್ನು ಕೂಡಿಸಿದ್ದು ಏನು? ಶಿಬಿರಕ್ಕೆ ನೀರು ನಿಂತಿತು. ಕೆಟ್ಟದ್ದು ಎಲ್ಲಿ ಎಂದು ಎರಡೂ ಗುಂಪಿನವರು ಹುಡುಕಬೇಕಾಯಿತು. ಲಾರಿಯೊಂದು ಹೊರಡದೆ ನಿಂತಿತು. ಇಬ್ಬರೂ ಸೇರಿ ಹಗ್ಗ ಕಟ್ಟಿ ಎಳೆದರು. ಇಂಥ ಕೆಲಸ ಒಂದಾದ ಮೇಲೊಂದು ಬಂದಂತೆ ಸಿಟ್ಟು ಇಳಿಯಿತು. ಆ ಪ್ರಯೋಗ ನಡೆಸಿದ ರೀತಿಗೆ ಆಮೇಲೆ ಟೀಕೆಯೂ ಬಂತು, ನಿಜ. ಆದರೂ ಒಂದನ್ನು ಗಮನಿಸಿ. ಒಂದೇ ಭಾಷೆ ಆಡುವ ಹುಡುಗರಿಗೆ ಭಾಷೆಯಿಂದ ಏನೂ ಉಪಯೋಗವಾಗಲಿಲ್ಲ.

ಅದೇ 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು, ಬೇರೆ ಬೇರೆ ಗುಂಪಿನವರು ಹತ್ತಿರವಾಗಲು ಏನು ಬೇಕು ಎಂದು ಬರೆದರು. ಇಬ್ಬರಿಗೂ ಸಮಾನ ಸ್ಥಾನ ಇರಬೇಕು. ಗುರಿ ಒಂದೇ ಆಗಿರಬೇಕು. ಪೈಪೋಟಿ ಇಲ್ಲದೆ ಕೈ ಜೋಡಿಸಬೇಕು. ಕಾನೂನಿನ ಅಥವಾ ಹಿರಿಯರ ಬೆಂಬಲ ಇರಬೇಕು. ಈ ನಾಲ್ಕರಲ್ಲಿ ಭಾಷೆ ಎಲ್ಲಿದೆ, ಹೇಳಿ? 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬ ಇಬ್ಬರು 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹತ್ತಿರ ಬಂದಷ್ಟೂ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದೇ ಒಟ್ಟಾರೆ ಕಂಡಿತು. ಆ ನಾಲ್ಕು ಅಂಶ ಇದ್ದ ಕಡೆ ಫಲ ಇನ್ನೂ ಜಾಸ್ತಿ.

ಹಾಗಂತ ಭಾಷೆ ಬೇಡವೇ? ಖಂಡಿತ ಬೇಕು. ಆಸ್ಪತ್ರೆಯಲ್ಲಿ ನೋವು ಎಲ್ಲಿ ಎಂದು ಹೇಳಲು ಬೇಕು, ಸಂಬಳದ ಚೀಟಿ ಓದಲು ಬೇಕು. ತರಗತಿ ಮಾಡಿ. ಆದರೆ ಕೆಲಸದ ಜೊತೆಗೇ ನಡೆಯಲಿ, ಕೆಲಸಕ್ಕೆ ಬರಲು ಶರತ್ತು ಆಗದಿರಲಿ. ನಾವು ಗೋಡೆ ಮುಗಿಸಿದ ಮೇಲೆ ಮತ್ತೆ ತರಗತಿ ಇಟ್ಟಾಗ ಬಂದವರು ಕಡೆಯವರೆಗೂ ಬಂದರು. ಕಲಿತ ಮಾತನ್ನು ಆಡಲು ಈಗ ಜನ ಇದ್ದರು.

ಮಾಡುವುದು ಹೇಗೆ ಅನ್ನುವುದು ಸುಲಭ. ಕೈಯಲ್ಲಿ ತೋರಿಸಿ ಮಾಡಬಹುದಾದ ಕೆಲಸ ಆರಿಸಿ. ಭಾಷಣ ಕೇಳುವ ಕಾರ್ಯಕ್ರಮ ಮೊದಲಿಗೆ ಬೇಡ. ಒಬ್ಬರ ಜೊತೆ ಒಬ್ಬರನ್ನು ಬಿಡಿ. ಅವರೆಲ್ಲ ಒಂದು ಕಡೆ, ನಿಮ್ಮವರೆಲ್ಲ ಒಂದು ಕಡೆ ಆಗಬಾರದು. ಹೆಸರನ್ನು ಅವರು ಹೇಳುವ ಹಾಗೇ ಹೇಳಲು ಕಲಿಯಿರಿ. ಮತ್ತೆ ದಯವಿಟ್ಟು, ಬಂದ ದಿನವೇ ಹಳೇ ಬಟ್ಟೆ ಹಂಚಿ ಫೋಟೋ ತೆಗೆಯಬೇಡಿ. ಜೊತೆಗೆ ಕೆಲಸ ಮಾಡಲು ಬಂದವರು ಒಂದೇ ಗಳಿಗೆಯಲ್ಲಿ ದಾನ ತೆಗೆದುಕೊಳ್ಳಲು ಬಂದವರಾಗಿಬಿಡುತ್ತಾರೆ.

ಇನ್ನೊಂದು ಮಾತು. ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಕೆಲಸ ಕೊಟ್ಟವರೇ ಅವರನ್ನು ಕರೆತಂದರೆ ಒಪ್ಪಬಹುದೇ?

ನಮ್ಮ ಗಿಡ ನೆಡುವ ದಿನಕ್ಕೆ ಒಬ್ಬ ಗುತ್ತಿಗೆದಾರರು ಒಂದು ವ್ಯಾನ್ ತುಂಬ ಜನರನ್ನು ಕಳಿಸಿದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ನನಗೆ ತುಂಬಾ ಸಂತೋಷವಾಗಿತ್ತು. ಗುಂಡಿ ತೋಡುತ್ತಿದ್ದ ಒಬ್ಬ ಹುಡುಗ ಆಗಾಗ ಮೇಸ್ತ್ರಿಯ ಕಡೆಗೇ ನೋಡುತ್ತಿದ್ದ. ಪಕ್ಕಕ್ಕೆ ಕರೆದು, 'ಇವತ್ತು ಬರದಿದ್ದರೆ ಏನಾಗುತ್ತಿತ್ತು?' ಎಂದು ಕೇಳಿದೆ.

'ಹಾಜರಿ ಹೋಗುತ್ತೆ' ಎಂದ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1930ರ ಒಪ್ಪಂದವೊಂದಿದೆ, 29ನೆಯದು. ದಂಡನೆಯ ಬೆದರಿಕೆಯಲ್ಲಿ ಮಾಡಿಸಿಕೊಂಡ, ಆ ವ್ಯಕ್ತಿ ತಾನಾಗಿ ಒಪ್ಪಿ ಮುಂದೆ ಬರದ ಕೆಲಸವನ್ನು ಅದು ಬಲವಂತದ ದುಡಿಮೆ ಎಂದು ಕರೆಯುತ್ತದೆ. ಗಿಡ ನೆಡುವುದು ಒಳ್ಳೆಯ ಕೆಲಸ ಅನ್ನುವುದರಿಂದ ಹಾಜರಿಯ ಭಯ ಹೋಗುವುದಿಲ್ಲ. ಇದೇ ಸಂಸ್ಥೆಯ 1921ರ ಒಪ್ಪಂದ ಕಾರ್ಖಾನೆ, ಗಣಿ, ಕಟ್ಟಡ ಕೆಲಸದವರಿಗೆ ಏಳು ದಿನಕ್ಕೊಮ್ಮೆ ಸತತ 24 ಗಂಟೆ ಬಿಡುವು ಕೊಡಬೇಕು ಎನ್ನುತ್ತದೆ. 2011ರ ಒಪ್ಪಂದ ಮನೆಗೆಲಸದವರಿಗೂ ಅದನ್ನೇ ಹೇಳುತ್ತದೆ. ನಾವು ಅವರನ್ನು ಸೇವೆಗೆ ಕರೆಯುವುದು ಆ ಒಂದು ಬಿಡುವಿನ ದಿನದಲ್ಲೇ ಅಲ್ವಾ? ಬೇರೆ ದೇಶದಿಂದ ಬಂದವರಾದರೆ ವೀಸಾದ ನಿಯಮವನ್ನೂ ನೋಡಿ. ಕೆಲವು ದೇಶಗಳಲ್ಲಿ ಸಂಬಳವಿಲ್ಲದ ಕೆಲಸವನ್ನೂ ಕೆಲಸ ಎಂದೇ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಉತ್ಸಾಹಕ್ಕೆ ಅವರ ಅನುಮತಿಗೆ ಕುತ್ತು ಬರಬಾರದು.

ಆವತ್ತಿನಿಂದ ನಾವು ಮೇಸ್ತ್ರಿಯ ಮೂಲಕ ಯಾರನ್ನೂ ಕರೆಯುವುದಿಲ್ಲ. ಅವರು ಇರುವಲ್ಲಿಗೇ ಹೋಗಿ ಕೇಳುತ್ತೇವೆ. ಇಲ್ಲ ಅಂದರೆ ಸರಿ ಎಂದು ಬರುತ್ತೇವೆ. ನೀವೂ ಹಾಗೇ ಮಾಡಿ. ಮೊದಲ ವಾರ ಒಬ್ಬರೂ ಬರದಿರಬಹುದು. ಬಟ್ಟೆ ಒಗೆಯಬೇಕು, ಮನೆಗೆ ಫೋನ್ ಮಾಡಬೇಕು, ನಿದ್ದೆ ಮಾಡಬೇಕು. ಎಲ್ಲಕ್ಕೂ ಇರುವುದು ಒಂದೇ ದಿನ. ಅವರಿಗೆ ಯಾವ ಹೊತ್ತು ಆಗುತ್ತದೆ ಎಂದು ಕೇಳಿಕೊಂಡು, ಮುಂದಿನ ವಾರ ಮತ್ತೆ ಹೋಗಿ ಕರೆಯಿರಿ.