ಶ್ವಾಸಕೋಶ ಎಂಟನೇ ತಿಂಗಳಿಗೆ ಬರುತ್ತದಾ?

"ಸರ್, ಕೂಸಿಗೆ ಶ್ವಾಸಕೋಶ ಎಂಟನೇ ತಿಂಗಳಿಗೇ ಬರ್ತದಂತ, ಹೌದೇನ್ರಿ?" ಕಲಬುರಗಿಯಲ್ಲಿ ಕುಬಸದ ಊಟಕ್ಕೆ ಹೋದರೂ ಜೀವಶಾಸ್ತ್ರದ ಮಾಸ್ತರನನ್ನು ಬಿಡುವುದಿಲ್ಲ.

ಇಲ್ಲ. ಎಷ್ಟನೇ ಸಲ ಹೇಳುತ್ತಿದ್ದೇನೋ! ಗರ್ಭ ಕಟ್ಟಿದ ನಾಲ್ಕನೇ ವಾರಕ್ಕೇ ಅದರ ಮೊಳಕೆ ಕಾಣುತ್ತದೆ. ಕೊನೆಯ ಮುಟ್ಟಿನಿಂದ ಎಣಿಸುವ ಡಾಕ್ಟರ ಲೆಕ್ಕದಲ್ಲಿ ಆರನೇ ವಾರ. ಆಗ ಇಡೀ ಭ್ರೂಣವೇ ಜೋಳದ ಕಾಳಿನಷ್ಟು. ಸುಮಾರು 17ನೇ ವಾರಕ್ಕೆ ಗಾಳಿ ಸಾಗುವ ಕೊಳವೆಗಳು ಕವಲೊಡೆದು ಹೆಚ್ಚುಕಡಿಮೆ ಮುಗಿದಿರುತ್ತದೆ.

ಈ ಮಾತು ಹುಟ್ಟಿದ್ದು ಹೀಗೆ ಅಂತ ನನ್ನ ಅನಿಸಿಕೆ. ಹೆರಿಗೆ ಬೇಗ ಆಗುವ ಹಾಗಿದ್ದರೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, "ಶ್ವಾಸಕೋಶಕ್ಕೆ" ಅಂತಾರೆ. ಮನೆಯವರು ಅದು ಇನ್ನೂ ಬಂದೇ ಇಲ್ಲ ಅಂದುಕೊಳ್ಳುತ್ತಾರೆ. ಇಂಜೆಕ್ಷನ್ನು ಇದ್ದದ್ದನ್ನೇ ಬೇಗ ಮಾಗಿಸುತ್ತದೆ, ಅಷ್ಟೇ. ಉಸಿರು ಬಿಟ್ಟಾಗ ಗಾಳಿಗೂಡುಗಳು ಮುದುಡಿ ಅಂಟಿಕೊಳ್ಳಬಾರದು. ಅದಕ್ಕೆ ಒಳಗೆ ಸರ್ಫ್ಯಾಕ್ಟಂಟ್ ಅನ್ನೋ ಲೇಪ ಬೇಕು. ಅದು ಸಾಕಷ್ಟಾಗುವುದು ಎಂಟನೇ ತಿಂಗಳ ಆಚೀಚೆ. ತೊಗರಿ ಕಾಯಿ ಬಲಿತಿಲ್ಲ ಅಂದರೆ ಗಿಡವೇ ಹುಟ್ಟಿಲ್ಲ ಅಂತೀರಾ?

ಸರಿ, ಮೊಳಕೆ ಬರಲು ಹೇಳುವವರು ಯಾರು? ಅಕ್ಕಪಕ್ಕದ ಜೀವಕೋಶಗಳೇ. ಮುಂದೆ ಅನ್ನನಾಳ ಆಗಲಿರುವ ಕೊಳವೆಯ ಮುಂಬದಿಗೆ ಅವು ವಿಂಟ್ ಅನ್ನೋ ಪ್ರೋಟೀನ್ ಕಳಿಸುತ್ತವೆ. ಅದು ಮುಟ್ಟಿದ ಜಾಗ ಶ್ವಾಸಕೋಶದ ದಾರಿ ಹಿಡಿಯುತ್ತದೆ. ಆಮೇಲೆ ಎಫ್‌ಜಿಎಫ್10 ಅನ್ನೋ ಪ್ರೋಟೀನ್ ಆ ಮೊಳಕೆಯನ್ನು ತನ್ನ ಕಡೆ ಸೆಳೆಯುತ್ತದೆ. ಇಲಿಗಳಲ್ಲಿ ಎಫ್‌ಜಿಎಫ್10 ಜೀನ್ ತೆಗೆದು 1998ರಲ್ಲೇ ನೋಡಿದ್ದಾರೆ. ಗಾಳಿಕೊಳವೆ ಬಂತು, ಶ್ವಾಸಕೋಶ ಬರಲಿಲ್ಲ. ನಾಲ್ಕು ಕಾಲೂ ಬರಲಿಲ್ಲ!

ಮೊಳಕೆಯ ತುದಿಯಿಂದ ಸಾನಿಕ್ ಹೆಡ್ಜ್‌ಹಾಗ್ ಅನ್ನೋ ಇನ್ನೊಂದು ಪ್ರೋಟೀನ್ ಹೊರಡುತ್ತದೆ. ಹೌದು, ವಿಡಿಯೋ ಗೇಮಿನ ಹೆಸರೇ. ಅದು ಎದುರಿನ ಎಫ್‌ಜಿಎಫ್10 ಅನ್ನು ಅಡಗಿಸುತ್ತದೆ. ಸೆಳೆತ ಎರಡು ಪಕ್ಕದಲ್ಲಿ ಮಾತ್ರ ಉಳಿಯುತ್ತದೆ, ತುದಿ ಎರಡಾಗುತ್ತದೆ.

ತೊಗರಿ ಕುಡಿ ಚಿವುಟಿದ ಹಾಗೇ ಅಲ್ವಾ? ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಪೂರ್ತಿ ಹಾಗಲ್ಲ. ತೊಗರಿಯ ಕುಡಿ ಆಕ್ಸಿನ್ ಅನ್ನೋ ಹಾರ್ಮೋನ್ ಕೆಳಗಿಳಿಸಿ ಪಕ್ಕದ ಮೊಗ್ಗುಗಳನ್ನು ತಡೆದಿರುತ್ತದೆ. ಕುಡಿ ಹೋದರೆ ತಡೆಯೂ ಹೋಯಿತು, ಟಿಸಿಲು ಜಾಸ್ತಿ. ಶ್ವಾಸಕೋಶದಲ್ಲಿ ಚಿವುಟುವವರಿಲ್ಲ, ತುದಿ ತಾನೇ ಸೀಳುತ್ತದೆ. ಈ ಸಲ ಆಳಂದ ಕಡೆ ಹೊಲದಲ್ಲಿ ಅಳಿಯನಿಗೆ ಇದನ್ನೇ ವಿವರಿಸಲು ಹೋದೆ. ಕುಡಿ ಚಿವುಟೋ ಮಷೀನಿನ ಸದ್ದಲ್ಲಿ ಅವನಿಗೆ ಒಂದಕ್ಷರವೂ ಕೇಳಿಸಲಿಲ್ಲ.