ಬೆಳೆದವರೇ ಹುರಿದು ಮಾರಲು 54 ವರ್ಷ ಕಾಯಬೇಕಾಯ್ತು

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಹೋದರೆ ತೋಟದ ಹೆಸರು ಹೊತ್ತ ಕಾಫಿ ಪುಡಿ ಈಗ ರಸ್ತೆ ಬದಿಯಲ್ಲೇ ಸಿಗುತ್ತದೆ. ತಮ್ಮದೇ ಬೀಜ, ತಾವೇ ಹುರಿದದ್ದು, ಪೊಟ್ಟಣದ ಮೇಲೆ ತಮ್ಮದೇ ಹೆಸರು. ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ 1990ರ ದಶಕ ಶುರುವಾಗುವ ತನಕ ಇದಕ್ಕೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಮನೆ ಖರ್ಚಿಗೆ, ಬಿತ್ತನೆಗೆ ಅಂತ ಒಂದಿಷ್ಟು ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಸರ್ಕಾರದ ಕಾಫಿ ಬೋರ್ಡ್‌ಗೆ ಒಪ್ಪಿಸಲೇಬೇಕಿತ್ತು.

ಈ ಕಟ್ಟುಪಾಡು ಹುಟ್ಟಿದ್ದು ಕಷ್ಟಕಾಲದಲ್ಲಿ. 1930ರ ದಶಕದಲ್ಲಿ ಲೋಕದ ಮಾರುಕಟ್ಟೆ ಕುಸಿದು, ನಮ್ಮ ಕಾಫಿಗೆ ಬೆಲೆಯೇ ಇಲ್ಲದಂತಾಯಿತು. ದೇಶದೊಳಗೆ ಕುಡಿಯುವವರನ್ನು ಹೆಚ್ಚಿಸಬೇಕೆಂದು 1935ರಲ್ಲಿ ಕಾಫಿ ಸೆಸ್ ಸಮಿತಿ ಬಂತು. ಮರುವರ್ಷ ಅದು ಬಾಂಬೆಯ ಚರ್ಚ್‌ಗೇಟ್‌ನಲ್ಲಿ ಒಂದು ಕಾಫಿ ಹೌಸ್ ತೆರೆಯಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ಯುರೋಪಿಗೆ ಹೋಗುವ ದಾರಿ ಮುಚ್ಚಿತು. ಬೆಳೆಗಾರರು ದಿವಾಳಿಯಾಗದಿರಲಿ ಅಂತ 1942ರ ಕಾಫಿ ಕಾಯ್ದೆ ಎಲ್ಲರ ಬೆಳೆಯನ್ನೂ ಒಂದೇ ಕಡೆ ಸೇರಿಸಿ ಮಾರುವ ‘ಪೂಲ್’ ಪದ್ಧತಿಯನ್ನು ಗಟ್ಟಿ ಮಾಡಿತು. ಆ ಹೊತ್ತಿಗೆ ಅದು ಸರಿಯೇ ಇತ್ತು ಅಂತ ಹೇಳಬೇಕು. ಯುದ್ಧ ಮುಗಿದ ಮೇಲೂ ಅದು ಮುಗಿಯಲಿಲ್ಲ ಅನ್ನೋದೇ ತಕರಾರು.

ಪೂಲ್ ನಡೆಯುತ್ತಿದ್ದದ್ದು ಹೀಗೆ. ಬೆಳೆ ಮೊದಲು ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗೆ, ಹೋಗುತ್ತಿತ್ತು. ಅಲ್ಲಿ ಗ್ರೇಡ್ ಆಗುತ್ತಿತ್ತು. ಗ್ರೇಡ್‌ಗೆ ತಕ್ಕಂತೆ ಪಾಯಿಂಟ್, ಪಾಯಿಂಟ್‌ಗೆ ತಕ್ಕಂತೆ ಹಣ. ಅದೂ ಕಂತು ಕಂತಾಗಿ. ರಫ್ತಿಗೊಂದು, ಒಳನಾಡಿಗೊಂದು ಅಂತ ಬೋರ್ಡ್ ಬೇರೆ ಬೇರೆ ಹರಾಜು ನಡೆಸುತ್ತಿತ್ತು. ಬೆಂಗಳೂರು, ಮದ್ರಾಸಿನ ಹುರಿಯುವವರು ಹರಾಜಿನಲ್ಲೇ ಬೀಜ ಕೊಳ್ಳಬೇಕಿತ್ತು. ಅವರಿಗೆ ಸಿಗುತ್ತಿದ್ದದ್ದು ಪೀಬರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ), ಪ್ಲಾಂಟೇಷನ್ ಎ (ತೊಳೆದು ಒಣಗಿಸಿದ ಅರೇಬಿಕಾ ತಳಿ), ರೋಬಸ್ಟಾ ಚೆರಿ (ಹಣ್ಣಿನ ಸಮೇತ ಒಣಗಿಸಿದ ರೋಬಸ್ಟಾ ತಳಿ) ಅನ್ನುವ ಗ್ರೇಡ್‌ಗಳು. ಯಾರ ತೋಟದ್ದು, ಯಾವ ಬೆಟ್ಟದ್ದು ಅನ್ನೋದು ರಾಶಿಯಲ್ಲಿ ಕರಗಿಹೋಗುತ್ತಿತ್ತು. ಹಾಗಾಗಿ ನಮ್ಮ ಕಾಫಿ ಪುಡಿ ಅಂಗಡಿಗಳ ಜಾಣತನವೆಲ್ಲ ಬೆರಕೆಯಲ್ಲಿ ಬೆಳೆಯಿತು. ಪೀಬರಿ ಎಷ್ಟು, ರೋಬಸ್ಟಾ ಎಷ್ಟು, ಎಷ್ಟು ಕಡು ಹುರಿಯಬೇಕು, ಚಿಕೋರಿ ಎಷ್ಟು ಹಾಕಬೇಕು. 1949ರಲ್ಲಿ ಶುರುವಾದ ಬೆಂಗಳೂರಿನ ಕೋಥಾಸ್ ಹೆಸರು ಮಾಡಿದ್ದು ಇದೇ ಪೂಲ್ ಕಾಲದಲ್ಲಿ. ನಾಲಿಗೆಗೆ ಹಿಡಿದ ರುಚಿ ಸುಮ್ನೆ ಬರೋದಿಲ್ಲ ಅಲ್ವಾ?

ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. 1966ರಲ್ಲಿ ಆಲ್ಫ್ರೆಡ್ ಪೀಟ್ ಬರ್ಕ್ಲಿಯಲ್ಲಿ ಅಂಗಡಿ ಇಟ್ಟು, ಒಳ್ಳೆಯ ಬೀಜವನ್ನು ಕಡುವಾಗಿ ಹುರಿದು ಮಾರತೊಡಗಿದರು. ಅವರಿಂದ ಕಲಿತ ಮೂವರು 1971ರಲ್ಲಿ ಸಿಯಾಟಲ್‌ನಲ್ಲಿ ಸ್ಟಾರ್‌ಬಕ್ಸ್ ತೆರೆದರು. ಮೊದಮೊದಲು ಅಲ್ಲಿ ಕಪ್ಪಿನಲ್ಲಿ ಕಾಫಿ ಮಾರುತ್ತಿರಲಿಲ್ಲ, ಹುರಿದ ಬೀಜ ಮಾತ್ರ. ಸುಮಾತ್ರ, ಕೀನ್ಯಾ, ಕೊಲಂಬಿಯಾ ಅಂತ ಊರಿನ ಹೆಸರೇ ಅಲ್ಲಿ ಬೆಲೆ ತರುವ ಸರಕಾಯಿತು. ನಮ್ಮಲ್ಲಿ ಊರಿನ ಹೆಸರು ಗೋಣಿಚೀಲದಲ್ಲೇ ಅಳಿಸಿಹೋಗುತ್ತಿತ್ತು.

ನಮ್ಮಲ್ಲಿ ದೊಡ್ಡ ಕೆಫೆ ಸರಣಿ ಇರಲಿಲ್ಲ ಅಂತೇನಲ್ಲ. ಕಾಫಿ ಬೋರ್ಡ್ ತಾನೇ ಊರೂರಲ್ಲಿ ಕಾಫಿ ಹೌಸ್ ನಡೆಸುತ್ತಿತ್ತು. 1950ರ ದಶಕದಲ್ಲಿ ಅವನ್ನು ಮುಚ್ಚಲು ಹೊರಟಾಗ ಕೆಲಸಗಾರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳ್ತನದಲ್ಲಿ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ ಆಯಿತು. ಪೇಟ ಕಟ್ಟಿದ ಮಾಣಿಗಳ ಇಂಡಿಯನ್ ಕಾಫಿ ಹೌಸ್ ಅಂತ ನಾವು ಕರೆಯೋದು ಈ ಸಂಘಗಳ ಹೋಟೆಲುಗಳನ್ನೇ. ಕಾಫಿ ಬಡಿಸುವವರು ಮಾಲೀಕರಾದರು. ಬೆಳೆಯುವವರು ಮಾತ್ರ ಬೋರ್ಡ್‌ನ ಮುಂದಿನ ಕಂತಿಗೆ ಕಾಯುತ್ತಲೇ ಇದ್ದರು.

ಪೂಲ್ ಇಷ್ಟು ದಿನ ಬಾಳಿದ್ದಕ್ಕೆ ಕಾರಣ ಹೊರಗೂ ಇತ್ತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ದೇಶಗಳಿಗೆ ರಫ್ತು ಕೋಟಾ ಹಂಚುತ್ತಿತ್ತು. ಕೋಟಾ ನಿಭಾಯಿಸಲು ಸರ್ಕಾರಿ ಬೋರ್ಡ್ ಅನುಕೂಲವಾಗಿತ್ತು. ಜೊತೆಗೆ ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿತ್ತು. 1989ರಲ್ಲಿ ಕೋಟಾ ಮುರಿದುಬಿತ್ತು, ಬೆಲೆ ಪಾತಾಳಕ್ಕಿಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಇನ್ನು ಬೋರ್ಡ್ ಮಾರುವುದಾದರೂ ಯಾರಿಗೆ? 1992ರಿಂದ ಬೆಳೆಯ ಒಂದು ಪಾಲನ್ನು ಬೆಳೆಗಾರರೇ ಮಾರಲು ಬಿಟ್ಟರು. ಆ ಪಾಲು ವರ್ಷ ವರ್ಷ ಹಿಗ್ಗಿತು. 1996ರ ಸೆಪ್ಟೆಂಬರ್‌ಗೆ ಎಲ್ಲರಿಗೂ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು.

ಗಳಿಗೆಯೂ ಚೆನ್ನಾಗಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಹಾಳಾಗಿ ಲೋಕದ ಬೆಲೆ ಒಮ್ಮೆಲೇ ಹಾರಿತು. ಕೈಯಲ್ಲಿ ಮಾರುವ ಹಕ್ಕಿದ್ದ ಬೆಳೆಗಾರರು ಆ ಎರಡು ಮೂರು ವರ್ಷ ಮನೆ ಕಟ್ಟಿದರು, ಜೀಪು ಕೊಂಡರು. ಚಿಕ್ಕಮಗಳೂರಿನ ಪ್ಲಾಂಟರ್ ಮನೆತನದ ವಿ.ಜಿ. ಸಿದ್ಧಾರ್ಥ ಅವರು ಬೀಜ ರಫ್ತಿಗೆ ಇಳಿದರು. 1996ರ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಕಾಫಿ ಜೊತೆಗೆ ಇಂಟರ್ನೆಟ್ಟೂ ಇತ್ತು. ತೋಟದಿಂದ ಕಪ್ಪಿನ ತನಕ ಒಂದೇ ಕಂಪನಿ. ಪೂಲ್ ಇದ್ದಿದ್ದರೆ ಇದು ಕನಸೇ.

ಆದರೆ ಬಾಗಿಲು ತೆರೆದ ಮೇಲೆ ದಾಟಿದವರು ಎಷ್ಟು ಮಂದಿ? ತೀರಾ ಕಡಿಮೆ. 2001–02ರಲ್ಲಿ ಲೋಕದ ಬೆಲೆ ಮತ್ತೆ ನೆಲಕಚ್ಚಿದಾಗ ಬೋರ್ಡ್‌ನ ಆಸರೆಯೂ ಇರಲಿಲ್ಲ. ಕಾಫಿ ಹುರಿಯೋದು ದೊಡ್ಡ ಕಷ್ಟವಲ್ಲ. ಕಷ್ಟ ಇರೋದು ಅಂಗಡಿ ಬಾಡಿಗೆಯಲ್ಲಿ, ಜಾಹೀರಾತಿನಲ್ಲಿ, ವರ್ಷಗಟ್ಟಲೆ ನಷ್ಟ ತಡೆದುಕೊಳ್ಳೋದರಲ್ಲಿ. ಒಂದು ಕಾಲಕ್ಕೆ 1,700ಕ್ಕೂ ಹೆಚ್ಚು ಕೆಫೆ ಇದ್ದ ಕಾಫಿ ಡೇ ಕೂಡ ಸಾಲದ ಭಾರಕ್ಕೆ ಬಗ್ಗಿತು. 2019ರಲ್ಲಿ ಸಿದ್ಧಾರ್ಥ ಅವರು ತೀರಿಕೊಂಡ ಮೇಲೆ ನೂರಾರು ಅಂಗಡಿಗಳು ಮುಚ್ಚಿದವು.

ದುಡ್ಡಿದ್ದವರ ದಾರಿ ಬೇರೆ. ಕೊಡಗಿನಲ್ಲಿ ಬೇರು ಬಿಟ್ಟ ಟಾಟಾ ಕಾಫಿ 2006ರಲ್ಲಿ ಅಮೆರಿಕದ ಹಳೆಯ ಕಾಫಿ ಬ್ರ್ಯಾಂಡ್ ಏಟ್ ಓ ಕ್ಲಾಕ್ ಅನ್ನು ಸುಮಾರು 22 ಕೋಟಿ ಡಾಲರಿಗೆ ಕೊಂಡಿತು. 2012ರಲ್ಲಿ ಟಾಟಾ ಜೊತೆಗೂಡಿ ಸ್ಟಾರ್‌ಬಕ್ಸ್ ಮುಂಬೈಗೆ ಬಂದಾಗ, ಅದಕ್ಕೆ ಬೀಜ ಹುರಿಯುವ ಕೆಲಸ ಕುಶಾಲನಗರಕ್ಕೆ ಬಂತು. ಈ ವ್ಯಾಪಾರದಲ್ಲಿ ಹಣ ಎಲ್ಲಿದೆ ಅನ್ನೋದಕ್ಕೆ 2018ರ ಒಂದು ವ್ಯವಹಾರ ಸಾಕು. ಸ್ಟಾರ್‌ಬಕ್ಸ್ ಹೆಸರಿನ ಪೊಟ್ಟಣ ಕಾಫಿಯನ್ನು ಅದರ ಕೆಫೆಗಳ ಹೊರಗೆ ಮಾರುವ ಹಕ್ಕಿಗೆ ನೆಸ್ಲೆ 715 ಕೋಟಿ ಡಾಲರ್ ಕೊಟ್ಟಿತು. ಅದರಲ್ಲಿ ಒಂದು ಕಾಫಿ ಗಿಡವೂ ಇರಲಿಲ್ಲ.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ತೋಟದ ಹೆಸರಿಗೆ ಮತ್ತೆ ಬೆಲೆ ಬಂದಿದೆ. 2013ರಲ್ಲಿ ಶುರುವಾದ ಬ್ಲೂ ಟೋಕೈನಂಥ ಹೊಸ ಕಂಪನಿಗಳು ಬಿಳಿಗಿರಿರಂಗನ ಬೆಟ್ಟದ ಅಟ್ಟಿಕಾನ್ ಎಸ್ಟೇಟ್‌ನಂಥ ಹೆಸರನ್ನು ಪೊಟ್ಟಣದ ಮೇಲೆಯೇ ಹಾಕುತ್ತವೆ. ಹೆಸರು ತೋಟದ್ದು, ಬ್ರ್ಯಾಂಡ್ ಪೇಟೆಯವರದು. ಇದೂ ಒಂದು ಮೆಟ್ಟಿಲೇ ಅನ್ನಿ. ಆದರೂ ದೇಶದ ಬೆಳೆಯಲ್ಲಿ ಸುಮಾರು ಮೂರನೇ ಎರಡು ಪಾಲು ಹೊರದೇಶಕ್ಕೆ ಹೋಗುತ್ತದೆ. ಅದರಲ್ಲಿ ಜಾಸ್ತಿ ಪಾಲು ಹುರಿಯದ ಬೀಜವೇ. ಅದನ್ನು ಕೊಳ್ಳುವವರಲ್ಲಿ ಇಟಲಿ ಮುಂದಿದೆ. ಅಲ್ಲಿನ ಹುರಿಯುವವರು ನಮ್ಮ ರೋಬಸ್ಟಾವನ್ನು ಎಸ್‌ಪ್ರೆಸೊಗೆ ಬೆರೆಸುತ್ತಾರೆ, ಪೊಟ್ಟಣದ ಮೇಲೆ ತಮ್ಮ ಹೆಸರು ಹಾಕುತ್ತಾರೆ.

2025ರ ಫೆಬ್ರವರಿಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ದಾಟಿತು. ಹಸಿ ಬೀಜಕ್ಕೇ ಇಂಥ ಬೆಲೆ ಬಂದಾಗ ಹುರಿಯುವ ಗೊಡವೆಗೆ ಯಾರು ಹೋಗುತ್ತಾರೆ? ಸ್ವಂತ ಬ್ರ್ಯಾಂಡ್ ಕಟ್ಟುವ ಮಾತು ಬೆಲೆ ಬಿದ್ದಾಗ ಏಳುತ್ತದೆ. ಆಗ ಕೈಯಲ್ಲಿ ಬಂಡವಾಳ ಇರೋದಿಲ್ಲ.